ಪಕ್ಕಕ್ಕೆ ಸರಿಯುವ ವಿದ್ಯೆ

ಚಿಕ್ಕಂದಿನಿಂದಲೂ ಈಜು ಬಲ್ಲ ನನಗೆ ನೀರಿನ ವಿಷಯದಲ್ಲಿ ತುಸು ಅಭಿಮಾನವೇ ಇದ್ದಿತು. ಅದು ಮುರಿದದ್ದು ಸಾಲಿಗ್ರಾಮದ ಬಳಿ, ಸೀತಾನದಿಯ ಹಿನ್ನೀರಿನಲ್ಲಿ.

ಅಲ್ಲಿನ ಕಾಂಡ್ಲಾ ಕಾಡುಗಳ ನಡುವೆ ಪ್ರವಾಸಿಗಳು ಕಯಾಕ್ ನಡೆಸುತ್ತಾರೆ. ಕಯಾಕ್ ಎಂಬುದು ಮೂಲತಃ ಗ್ರೀನ್‌ಲೆಂಡ್ ಮೊದಲಾದ ಶೀತಪ್ರದೇಶಗಳ ಬೇಟೆಗಾರರ ದೋಣಿ. ತೇಲಿಬಂದ ಮರದ ಹಂದರಕ್ಕೆ ಸೀಲಿನ ಚರ್ಮವನ್ನು ಹೊದಿಸಿ, ಏರುವವನ ಮೈಯಳತೆಗೆ ತಕ್ಕಂತೆ ಅದನ್ನು ಕಟ್ಟುತ್ತಿದ್ದರು. ನಾವು ಏರಿದ್ದು ಪ್ಲಾಸ್ಟಿಕ್ಕಿನದು. ಎರಡು ತುದಿಯಲ್ಲಿಯೂ ಅಲಗುಳ್ಳ ಹುಟ್ಟು ಕೈಯಲ್ಲಿ.

ಇಳಿತದ ಹೊತ್ತು. ನನ್ನ ತಂಗಿಯ ಮಗನ ದೋಣಿ ಕಾಂಡ್ಲಾ ಬೇರಿಗೆ ತಗುಲಿ ಮಗುಚಿತು. ತೇಲುಕವಚ ತೊಟ್ಟಿದ್ದ ೧೨ ವರ್ಷದ ಹುಡುಗ ಬೇರೊಂದನ್ನು ಹಿಡಿದು, “ಮಾವಾ!” ಎಂದು ಕೂಗಿದ. ನಮ್ಮಿಬ್ಬರ ನಡುವೆ ಇದ್ದದ್ದು ಎರಡೇ ಮಾರು. ನನಗೆ ಮುಂದೆ ಹೋಗಲು ಗೊತ್ತಿತ್ತು, ಹಿಂದಕ್ಕೆ ಬರಲು ಗೊತ್ತಿತ್ತು. ಪಕ್ಕಕ್ಕೆ ಸರಿಯಲು ತಿಳಿಯದು. ದೋಣಿಯನ್ನು ತಿರುಗಿಸಹೊರಟೆ. ತಿರುಗುವಷ್ಟರಲ್ಲಿ ಸೆಳವು ನನ್ನನ್ನು ಹತ್ತು ಮಾರು ಆಚೆಗೆ ಒಯ್ದಿತ್ತು. ಸಮೀಪದಲ್ಲಿ ಬಲೆ ಬಿಡುತ್ತಿದ್ದ ಮುದುಕರೊಬ್ಬರು ತಮ್ಮ ದೋಣಿಯ ಮುಖವನ್ನು ತಿರುಗಿಸದೆಯೇ ಏಡಿಯಂತೆ ಅಡ್ಡಡ್ಡ ಸರಿದು ಬಂದು ಹುಡುಗನನ್ನು ಎತ್ತಿಕೊಂಡರು.

ದಡದಲ್ಲಿ ನನ್ನ ಮೋರೆ ನೋಡಿ ಅವರು ಹೇಳಿದ್ದು ಒಂದೇ ಮಾತು: “ನೀರನ್ನು ಎಳೆಯುವುದಲ್ಲ ಮಾರಾಯ್ರೆ, ದೋಣಿಯನ್ನು ಎಳೆದುಕೊಳ್ಳುವುದು.”

ಆ ಮಾತು ಕೈಗೆ ಹತ್ತಲು ನನಗೆ ಒಂದು ಬೇಸಗೆಯೇ ಹಿಡಿಯಿತು. ಮೊದಲು ನಾನು ಹುಟ್ಟನ್ನು ಓರೆಯಾಗಿ ಹಿಡಿದು ತೋಳಿನಿಂದ ಜಗ್ಗುತ್ತಿದ್ದೆ. ನೀರು ಚಿಮ್ಮುತ್ತಿತ್ತು, ದೋಣಿ ಕದಲುತ್ತಿರಲಿಲ್ಲ. ಸೊಂಟದಿಂದ ಮೇಲಿನ ಮೈಯನ್ನೆಲ್ಲ ಹೋಗಬೇಕಾದ ಕಡೆಗೆ ತಿರುಗಿಸಬೇಕು. ಎರಡು ಕೈಗಳೂ ದೋಣಿಯ ಅಂಚನ್ನು ದಾಟಿ ನೀರಿನ ಮೇಲೆ ಬರಬೇಕು. ಹುಟ್ಟು ಕಂಬದಂತೆ ನೆಟ್ಟಗೆ ನಿಲ್ಲಬೇಕು. ಸೊಂಟದ ನೇರಕ್ಕೆ, ಎರಡಡಿ ದೂರದಲ್ಲಿ ಅಲಗನ್ನು ಪೂರ್ತಿ ಮುಳುಗಿಸಿ, ಮೇಲಿನ ಕೈಯನ್ನು ಹಣೆಯ ಮಟ್ಟದಲ್ಲಿ ಕದಲದಂತಿರಿಸಿ, ಕೆಳಗಿನ ಕೈಯಿಂದ ಎಳೆದರೆ ಅಲಗು ಊರಿದಲ್ಲಿಯೇ ನಿಂತು ದೋಣಿಯೇ ಅದರತ್ತ ಬರುತ್ತದೆ. ಮೂಗು ಮೊದಲು ಸರಿದರೆ ಅಲಗನ್ನು ತುಸು ಹಿಂದಕ್ಕೆ ಊರಬೇಕು. ಬಾಲ ಸರಿದರೆ ಮುಂದಕ್ಕೆ.

ಅಪಾಯವಿರುವುದು ಕೊನೆಯ ಗೇಣಿನಲ್ಲಿ. ಅಲ್ಲಿಗೆ ನಿಲ್ಲಿಸಿ, ಅಲಗನ್ನು ಕಾಲುಸುತ್ತು ತಿರುವಿ, ಚಾಕುವಿನಂತೆ ನೀರನ್ನು ಸೀಳಿಸಿ ಮತ್ತೆ ಹೊರಕ್ಕೆ ಒಯ್ಯಬೇಕು. ಆಸೆಪಟ್ಟು ಇನ್ನೂ ಎಳೆದರೆ ಅಲಗು ದೋಣಿಯ ಅಡಿಗೆ ಸಿಕ್ಕಿ ಮಗುಚುತ್ತದೆ. ಹಾಗೆ ಸಿಕ್ಕಿದಾಗ ಸೆಣಸಬಾರದು. ಮೇಲಿನ ಕೈಯನ್ನು ಬಿಟ್ಟುಬಿಡಬೇಕು. ಮೂರು ಸಲ ಮುಳುಗಿದ ಮೇಲೆ ನನಗೆ ಇದು ಮನವರಿಕೆಯಾಯಿತು.

ಕಳೆದ ತಿಂಗಳು ಅಳಿಯನೊಡನೆ ಪುನಃ ಅಲ್ಲಿಗೆ ಹೋಗಿದ್ದೆ. ಅದೇ ಕಾಂಡ್ಲಾದ ಬಳಿ, ಅದೇ ಇಳಿತ. ಹುಡುಗ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ. ನಾನು ನಾಲ್ಕು ಸಲ ಹುಟ್ಟನ್ನು ಊರಿ ಅವನ ಮಗ್ಗುಲಿಗೆ ಸರಿದೆ. ಅವನು ಏನೂ ಹೇಳಲಿಲ್ಲ. ತನ್ನ ದೋಣಿಯ ಅಂಚನ್ನು ಬಿಟ್ಟು ನನ್ನದನ್ನು ಹಿಡಿದುಕೊಂಡ.