ಕಂಪ್ಯೂಟರಿನ ಬಾಗಿಲಲ್ಲಿ ಬೇಡದ ಪಟ್ಟಿ

ಗುಂಡಿ ಒತ್ತಿದೊಡನೆ ತೆರೆದುಕೊಳ್ಳುತ್ತಿದ್ದ ಕಂಪ್ಯೂಟರ್ ಈಗ ಮೊದಲು ಒಂದು ಪ್ರಶ್ನೆ ಕೇಳುತ್ತಿದೆ. ಪರದೆಯ ಮೇಲೆ ಎರಡು ಹೆಸರು, ಯಾವುದು ಬೇಕು? ಮಗ ಹೊಸ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಟ್ಟು ಹಾಸ್ಟೆಲಿಗೆ ಮರಳಿದ್ದಾನೆ. ಕರೆಂಟ್ ಬಿಲ್ ಕಟ್ಟಲು ಕುಳಿತ ತಂದೆಗೆ ವೈರಸ್ ಬಂತೇ ಎಂಬ ಗಾಬರಿ!

ಗಾಬರಿ ಬೇಡ. ಇದರ ಹೆಸರು ‘ಬೂಟ್ ಮೆನು’. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳಿದ್ದಾಗ ಕಾಣಿಸುವ ಪಟ್ಟಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹೊಸ ವಿಂಡೋಸನ್ನೋ ಲಿನಕ್ಸನ್ನೋ ಹಾಕಿಕೊಂಡವರಿದ್ದಾರೆ. ಕಾಸರಗೋಡಿನ ಕಡೆಯಿಂದ ಮಂಗಳೂರಿನ ಕಾಲೇಜಿಗೆ ಬರುವ ಮಕ್ಕಳಿಗಂತೂ ಲಿನಕ್ಸ್ ಹೊಸದಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಸಂಸ್ಥೆಯಾದ ಶಾಲಾ ಕಂಪ್ಯೂಟರ್ ಯೋಜನೆ ಅದನ್ನೇ ಕಲಿಸುತ್ತದೆ. ಕಾಲೇಜಿಗೆ ವಿಂಡೋಸ್, ಅಭ್ಯಾಸಕ್ಕೆ ಲಿನಕ್ಸ್. ಹೀಗೆ ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಫಲಕವನ್ನು ನೆನೆಯಿರಿ. ಫಲಕದಿಂದ ಊರಿನ ಹೆಸರು ಅಳಿಸಿದರೆ ಬಸ್ಸು ಮಾಯವಾಗದು. ಬಸ್ಸು ನಿಂತುಹೋದರೂ ಫಲಕದ ಹೆಸರು ತಾನಾಗಿ ಅಳಿಯದು. ಬೂಟ್ ಮೆನುವೂ ಬರೀ ಫಲಕ. ಆದ್ದರಿಂದ ಮೊದಲು ತಿಳಿಯಬೇಕಾದದ್ದು, ಫಲಕ ಹಾಕಿದವರು ಯಾರು ಎಂಬುದು.

ನೀಲಿ ಅಥವಾ ಕಪ್ಪು ಪರದೆಯಲ್ಲಿ ಎರಡು ವಿಂಡೋಸ್ ಹೆಸರುಗಳಿದ್ದರೆ ಅದು ವಿಂಡೋಸಿನದೇ ಪಟ್ಟಿ. ಬೇಕಾದ ವಿಂಡೋಸಿಗೆ ಹೋಗಿ, ಕೀಲಿಮಣೆಯ ವಿಂಡೋಸ್ ಗುಂಡಿಯನ್ನೂ ‘ಆರ್’ ಗುಂಡಿಯನ್ನೂ ಒಟ್ಟಿಗೆ ಒತ್ತಿ. ಚೌಕದಲ್ಲಿ ಎಂ, ಎಸ್, ಸಿ, ಓ, ಎನ್, ಎಫ್, ಐ, ಜಿ ಎಂಬ 8 ಅಕ್ಷರ ಬರೆಯಿರಿ. ‘ಬೂಟ್’ ವಿಭಾಗ ತೆರೆದರೆ ಎರಡು ಸಾಲು ಕಾಣುತ್ತವೆ. ‘ಕರೆಂಟ್’ ಎಂದಿರುವುದು ಈಗ ನಡೆಯುತ್ತಿರುವುದು, ಅದನ್ನು ಮುಟ್ಟಬೇಡಿ. ಇನ್ನೊಂದನ್ನು ಆರಿಸಿ ‘ಡಿಲೀಟ್’ ಒತ್ತಿ, ಒಪ್ಪಿಗೆ ಕೊಟ್ಟು ಯಂತ್ರವನ್ನು ಮತ್ತೆ ಆರಂಭಿಸಿ. ಪಟ್ಟಿ ಮಾಯ! ಎರಡೂ ಬೇಕಿದ್ದರೆ ಅಳಿಸುವುದೇ ಬೇಡ. ಅಲ್ಲೇ ಇರುವ 30 ಸೆಕೆಂಡಿನ ಕಾಯುವಿಕೆಯನ್ನು 5ಕ್ಕೆ ಇಳಿಸಿದರೆ ಸಾಕು.

ಪಟ್ಟಿಯ ಮೇಲೆ ‘ಗ್ರಬ್’ ಎಂದಿದ್ದರೆ ಅದು ಲಿನಕ್ಸಿನದು. ಸುಮಾರು 2012ರ ನಂತರದ ಯಂತ್ರಗಳಲ್ಲಿ ಉಪಾಯ ಸುಲಭ. ಆರಂಭವಾಗುವಾಗಲೇ ಎಫ್2 ಅಥವಾ ಆ ಕಂಪೆನಿ ಸೂಚಿಸಿದ ಗುಂಡಿ ಒತ್ತಿ, ಆರಂಭದ ಕ್ರಮದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲಿಗೆ ತಂದರಾಯಿತು. ಲಿನಕ್ಸ್ ಒಳಗೆ ಹಾಗೆಯೇ ಇರುತ್ತದೆ.

ಮಕ್ಕಳು ಎಡವುವುದು ಇಲ್ಲೇ. ಪಟ್ಟಿ ಹೋಗಲೆಂದು ಲಿನಕ್ಸ್ ಇರುವ ಡಿಸ್ಕಿನ ಭಾಗವನ್ನೇ ಅಳಿಸುತ್ತಾರೆ. ಹಳೆಯ ಮಾದರಿಯ ಯಂತ್ರದಲ್ಲಿ ಗ್ರಬ್‌ನ ಮೊದಲ ತುಣುಕು ಡಿಸ್ಕಿನ ಆರಂಭದಲ್ಲೂ ಉಳಿದದ್ದು ಆ ಭಾಗದಲ್ಲೂ ಇರುತ್ತದೆ. ಭಾಗ ಹೋದರೆ ‘ಗ್ರಬ್ ರೆಸ್ಕ್ಯೂ’ ಎಂಬ ಕಪ್ಪು ಪರದೆ ಮಾತ್ರ ಉಳಿದು, ವಿಂಡೋಸ್ ಕೂಡ ಏಳದು. ಹಳೆಯ ವಿಂಡೋಸ್ ಇದ್ದ ಡ್ರೈವನ್ನು ಅವಸರದಲ್ಲಿ ಫಾರ್ಮ್ಯಾಟ್ ಮಾಡಿದರೂ ಇದೇ ಪಾಡು ಬರಬಹುದು. ಹೊಸದನ್ನು ಎಬ್ಬಿಸುವ ಕಡತಗಳು ಕೆಲವೊಮ್ಮೆ ಅದರಲ್ಲೇ ಇರುತ್ತವೆ.

ಆದುದರಿಂದ ಕೈಹಾಕುವ ಮುನ್ನ ಎರಡು ಕೆಲಸ. ಪ್ರಾಜೆಕ್ಟ್, ಟಿಪ್ಪಣಿ, ಫೋಟೋಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ. ‘ಬಿಟ್‌ಲಾಕರ್’ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಿ; ಆರಂಭದ ಕ್ರಮ ಬದಲಾದಾಗ ಯಂತ್ರ ಅದನ್ನು ಕೇಳಬಹುದು.

ಪಟ್ಟಿ ಇದ್ದರೆ ದಿನಕ್ಕೆ ಅರ್ಧ ನಿಮಿಷ ನಷ್ಟ. ತಪ್ಪು ಭಾಗ ಅಳಿಸಿದರೆ ಮೂರು ವರ್ಷದ ಓದಿನ ಕಡತಗಳೇ ಹೋದಾವು. ಮಗ ಹಾಸ್ಟೆಲಿನಿಂದ ಬರುವ ಭಾನುವಾರದವರೆಗೆ ಕಾದರೂ ತಪ್ಪಿಲ್ಲ.