ಶಾಲೆಯ ಬಸ್ಸು ನಿಲ್ಲುವಲ್ಲಿ ಹತ್ತು ಹೆಜ್ಜೆ

ಜೂನ್ ತಿಂಗಳೆಂದರೆ ನಮ್ಮ ಸೀಮೆಯಲ್ಲಿ ಮಳೆಗಾಲವೂ ಶಾಲೆಯೂ ಒಟ್ಟಿಗೇ ಕಾಲಿಡುವ ಕಾಲ. ಬೆಳೆಗಾರನಿಗೆ ಆಗ ಕೊಳೆ ಮದ್ದಿನ ಚಿಂತೆ. ಮೈಲುತುತ್ತ ತಂದಾಯಿತೇ, ಸುಣ್ಣ ಸರಿಯಿದೆಯೇ, ಕೊನೆಗೌಡ ಎಂದು ಬರುತ್ತಾನೆ ಎಂಬ ಲೆಕ್ಕದಲ್ಲೇ ಬೆಳಗಾಗುತ್ತದೆ. ಅದೇ ಬೆಳಗಿನಲ್ಲಿ ಮನೆಯ ಚಿಕ್ಕ ಮಗುವೊಂದು ಬೆನ್ನಿಗೆ ಚೀಲ ಏರಿಸಿಕೊಂಡು ರಸ್ತೆಯಂಚಿಗೆ ಹೋಗಿ ನಿಂತಿರುತ್ತದೆ. ಈ ಲೇಖನ ಆ ಮಗುವಿನ ಕುರಿತು.

ಹಿಂದಿನ ತಲೆಮಾರಿನವರು ಊರ ಶಾಲೆಗೆ ನಡೆದೇ ಹೋದವರು. ಆಗಿನ ಭಯವೆಂದರೆ ತುಂಬಿದ ಹಳ್ಳ ಮತ್ತು ಅದಕ್ಕೆ ಹಾಕಿದ ಸಂಕ. ಈಗ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳ ಶಾಲೆಗಳಿಂದ ಹಳ್ಳಿಹಳ್ಳಿಗೆ ಬಸ್ಸು ಬರುತ್ತದೆ. ಕೋಲಸಿರ್ಸಿಯಂಥ ಊರುಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ತೋಟದ ತಲೆಯಲ್ಲೊಂದು, ಬೆಟ್ಟದ ಬುಡದಲ್ಲೊಂದು. ಆದ್ದರಿಂದ ಬಸ್ಸು ನಿಲ್ಲುವ ಜಾಗಗಳೂ ಹಲವು: ತಿರುವಿನಲ್ಲಿ, ಇಳಿಜಾರಿನಲ್ಲಿ, ಧರೆಯ ಬುಡದಲ್ಲಿ. ನಾಲ್ಕೈದು ವರ್ಷದ ಮಕ್ಕಳು ಕೂಡ ಅಲ್ಲಿ ಹತ್ತಿ ಇಳಿಯುತ್ತಾರೆ.

ಶಾಲೆಯ ಬಸ್ಸಿನ ಅಪಾಯವೆಂದೊಡನೆ ನಮ್ಮ ಕಣ್ಣಿಗೆ ಬರುವುದು ಘಟ್ಟದ ರಸ್ತೆ, ಮಗುಚಿದ ಬಸ್ಸು. ಅದು ಸುಳ್ಳಲ್ಲ. ಆದರೆ ಪುಟ್ಟ ಮಕ್ಕಳ ಮಟ್ಟಿಗೆ, ಬಸ್ಸಿನೊಳಗೆ ಕುಳಿತ ಒಂದು ಗಂಟೆಗಿಂತ, ಹತ್ತುವ ಇಳಿಯುವ ಒಂದು ನಿಮಿಷಕ್ಕೆ ಹೆಚ್ಚಿನ ಕಾವಲು ಬೇಕು. ಬಸ್ಸು ಓಡಿಸುವುದು ಶಾಲೆಯ ಕೆಲಸವಾದರೆ ಬಸ್ಸಿನ ಸುತ್ತಣ ಹತ್ತು ಹೆಜ್ಜೆ ನಮ್ಮ ಊರಿನದು, ಅದರ ಹೊಣೆಯೂ ನಮ್ಮದೇ.

ಹಳದಿ ಬಣ್ಣದ ಹಿಂದೆ

ಶಾಲೆಯ ಬಸ್ಸಿಗೆ ಹಳದಿ ಬಣ್ಣ ಬಂದದ್ದು ಅಮೆರಿಕದಿಂದ. ೧೯೩೯ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಫ್ರಾಂಕ್ ಸೈರ್ ಎಂಬವರು ಏಳು ದಿನಗಳ ಸಮ್ಮೇಳನ ಕರೆದು ಶಾಲಾ ಬಸ್ಸಿನ ಅಳತೆ, ಕಟ್ಟುವಿಕೆ, ಬಣ್ಣಗಳನ್ನು ಗೊತ್ತುಪಡಿಸಿದರು. ಮುಂಜಾವಿನ, ಮುಸ್ಸಂಜೆಯ ಮಸುಕು ಬೆಳಕಿನಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆಂಬುದೇ ಆ ಆಯ್ಕೆಗೆ ಕಾರಣ. ಆ ದೇಶದಲ್ಲಿ ಶಾಲೆಯ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎರಡೂ ಕಡೆಯ ವಾಹನಗಳು ನಿಲ್ಲಲೇಬೇಕೆಂದು ಕಾನೂನಿದೆ. ಇಷ್ಟಿದ್ದೂ ಅಲ್ಲಿ ಶಾಲಾ ಬಸ್ಸಿನ ಸಂಬಂಧ ಮಕ್ಕಳು ಸಾಯುವುದು ಹೆಚ್ಚಾಗಿ ಬಸ್ಸಿನ ಹೊರಗೆ, ಹತ್ತುವ ಇಳಿಯುವ ಹೊತ್ತಿನಲ್ಲಿ. ಬಸ್ಸಿನ ಸುತ್ತಲಿನ ಸುಮಾರು ಮೂರು ಮೀಟರ್ ಜಾಗವನ್ನು ಅವರು ಅಪಾಯದ ವಲಯವೆಂದೇ ಮಕ್ಕಳಿಗೆ ಕಲಿಸುತ್ತಾರೆ.

ನಮ್ಮ ದೇಶ ಎಚ್ಚತ್ತದ್ದು ದೊಡ್ಡ ದುರಂತದ ಬಳಿಕ. ೧೯೯೭ರ ನವೆಂಬರ್ ೧೮ರಂದು ದೆಹಲಿಯ ವಜೀರಾಬಾದ್ ಸೇತುವೆಯಿಂದ ಮಕ್ಕಳು ಕಿಕ್ಕಿರಿದಿದ್ದ ಬಸ್ಸು ಯಮುನೆಗೆ ಬಿದ್ದು ೨೮ ಮಕ್ಕಳು ತೀರಿಕೊಂಡರು. ಅದೇ ವರ್ಷದ ಕೊನೆಯೊಳಗೆ ಸರ್ವೋಚ್ಚ ನ್ಯಾಯಾಲಯ ಶಾಲಾ ಬಸ್ಸುಗಳಿಗೆ ಅನುಭವಿ ಚಾಲಕನಿರಬೇಕು, ಶಾಲೆಯ ಬಸ್ಸೆಂಬ ಬರಹವಿರಬೇಕು ಮುಂತಾಗಿ ಆದೇಶಿಸಿತು. ಕರ್ನಾಟಕದಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆಂದೇ ೨೦೧೨ರ ಪ್ರತ್ಯೇಕ ನಿಯಮಗಳಿವೆ. ಇವೆಲ್ಲ ಬೇಕಾದವೇ. ಆದರೆ ನಮ್ಮ ಊರಿನ ತಿರುವಿನಲ್ಲಿ ಬೆಳಗಿನ ಎಂಟು ಗಂಟೆಗೆ ನ್ಯಾಯಾಲಯವಾಗಲಿ ಆರ್‌ಟಿಓ ಆಗಲಿ ಬಂದು ನಿಲ್ಲುವುದಿಲ್ಲ.

ಚಾಲಕನಿಗೆ ಕಾಣದ ಜಾಗ

ನಿಲ್ಲಿಸಿದ ಅಡಿಕೆ ಚೀಲ ಮೂರಡಿಯಷ್ಟು ಎತ್ತರ. ನಾಲ್ಕು ವರ್ಷದ ಮಗು ಅದಕ್ಕಿಂತ ತುಸುವೇ ಹೆಚ್ಚು. ಭಾನುವಾರವೊಂದು ದಿನ ಶಾಲೆಯವರನ್ನು ಕೇಳಿಕೊಂಡು ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ, ಚಾಲಕನನ್ನು ಅವನ ಆಸನದಲ್ಲಿ ಕೂರಿಸಿ, ಅಂಥ ಚೀಲವೊಂದನ್ನು ಬಸ್ಸಿನ ಸುತ್ತ ಒಂದೊಂದು ಕಡೆ ಇಟ್ಟು ನೋಡಿರಿ. ಮುಂದಿನ ಬಂಪರಿಗೆ ತಾಗಿ ಇಟ್ಟರೆ ಕಾಣದು. ಎಡಗಡೆ, ಬಾಗಿಲಿನ ಮುಂದಣ ಮೂಲೆಯಲ್ಲಿ ಕಾಣದು. ಹಿಂದಿನ ಚಕ್ರದ ಬಳಿ ಕನ್ನಡಿಯಲ್ಲಿ ಕಂಡರೂ ಕಂಡೀತು, ಮಳೆ ಬಂದ ದಿನ ಅದೂ ಇಲ್ಲ. ಚೀಲ ಎಲ್ಲಿ ಕಾಣಲಿಲ್ಲವೋ ಅಲ್ಲಿ ಮಗುವೂ ಕಾಣುವುದಿಲ್ಲ. ಈ ಪರೀಕ್ಷೆಯನ್ನು ತಂದೆತಾಯಿಗಳೂ ಚಾಲಕನೂ ಒಟ್ಟಿಗೆ ನೋಡಿದರೆ ಆಮೇಲೆ ಯಾರಿಗೂ ಉಪದೇಶ ಬೇಡ.

ಇನ್ನೂ ಒಂದು ಸಂಗತಿ. ಉದ್ದದ ಬಸ್ಸು ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಬರುವುದಿಲ್ಲ, ತಿರುವಿನ ಒಳಬದಿಗೆ ಕಡಿದುಕೊಂಡು ಬರುತ್ತದೆ. ಹಿಂಬದಿಯ ಮೂಲೆಯೋ ಹೊರಗಡೆಗೆ ಬೀಸುತ್ತದೆ. ಆದ್ದರಿಂದ ಮುಂದಿನ ಚಕ್ರ ದಾಟಿತೆಂದು ತಿರುವಿನ ಒಳಬದಿಯ ಅಂಚಿನಲ್ಲಿ ನಿಂತ ಮಗುವಿಗೆ ಅಪಾಯ ತಪ್ಪಿತೆನ್ನಲಾಗದು. ಬಸ್ಸು ಪೂರ್ತಿ ನಿಂತು ಬಾಗಿಲು ತೆರೆಯುವ ತನಕ ಮಕ್ಕಳು ರಸ್ತೆಯಂಚಿನಿಂದ ಹತ್ತು ಹೆಜ್ಜೆ ಹಿಂದೆ ಇರಬೇಕು. ಎಲ್ಲಿ ನಿಲ್ಲಬೇಕೆಂದು ಬಾಯಲ್ಲಿ ಹೇಳಿದರೆ ಸಾಲದು. ಒಂದು ಕಲ್ಲು ನೆಟ್ಟು ಸುಣ್ಣ ಬಳಿದರೆ ಚಿಕ್ಕವರಿಗೂ ತಿಳಿಯುತ್ತದೆ.

ರಸ್ತೆ ದಾಟದೆ ಹತ್ತುವ ಉಪಾಯ

ನಮ್ಮ ಬಸ್ಸುಗಳ ಬಾಗಿಲು ಎಡಗಡೆಗೆ. ಬಲಗಡೆ ಮನೆಯಿರುವ ಮಗು ರಸ್ತೆ ದಾಟಲೇಬೇಕು. ಹಳದಿ ಬಸ್ಸು ನಿಂತಿದೆಯೆಂದು ಎದುರಿನಿಂದ ಬರುವ ಬೈಕಾಗಲಿ ಪಿಕಪ್ಪಾಗಲಿ ನಿಲ್ಲುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಬಸ್ಸಿನ ಮರೆಯಿಂದ ಓಡಿಬರುವ ಮಗು ಅವರಿಗೆ ಕಾಣುವುದೂ ಇಲ್ಲ.

ಆದರೆ ಮಲೆನಾಡಿನ ರಸ್ತೆಗಳಿಗೆ ಒಂದು ಅನುಕೂಲವಿದೆ. ಹೆಚ್ಚಿನ ಕಡೆ ಬಸ್ಸು ರಸ್ತೆಯ ಕೊನೆಯ ತನಕ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ಹೋಗುವಾಗ ಎಡಗಡೆ ಸಿಗುವ ಮನೆಗಳ ಮಕ್ಕಳನ್ನು ಹೋಗುವಾಗಲೂ, ಉಳಿದವರನ್ನು ಬರುವಾಗಲೂ ಹತ್ತಿಸಿಕೊಂಡರೆ ಒಂದು ಮಗುವೂ ರಸ್ತೆ ದಾಟಬೇಕಿಲ್ಲ. ಸಂಜೆಯೂ ಇದೇ ಕ್ರಮ. ಕೆಲವು ಮಕ್ಕಳು ಹತ್ತು ನಿಮಿಷ ಹೆಚ್ಚು ಬಸ್ಸಿನಲ್ಲಿ ಕೂರಬೇಕಾದೀತು. ಅದಕ್ಕೆ ಖರ್ಚೇನೂ ಇಲ್ಲ. ಶಾಲೆಯವರ ಬಳಿ ಮಾರ್ಗದ ನಕ್ಷೆಯನ್ನಿಟ್ಟುಕೊಂಡು ಅರ್ಧ ತಾಸು ಕುಳಿತರೆ ಇದು ಆಗುವ ಕೆಲಸ.

ಇದು ಸಾಧ್ಯವೇ ಇಲ್ಲದಲ್ಲಿ ದೊಡ್ಡವರೊಬ್ಬರು ಬಸ್ಸಿನ ಬಾಗಿಲ ತನಕ ಬಂದು ಕೈಹಿಡಿದು ದಾಟಿಸಬೇಕು. ರಸ್ತೆಯ ಆಚೆ ನಿಂತು "ಬಾ ತಮಾ" ಎಂದು ಕರೆಯಲೇಬಾರದು. ಆಯಿಯ ದನಿ ಕೇಳಿದ ಮಗು ಎಡಬಲ ನೋಡುವುದಿಲ್ಲ, ನೇರ ಓಡಿಬರುತ್ತದೆ.

ತಿರುಗಿಸುವ ಜಾಗ

ರಸ್ತೆ ಮುಗಿಯುವಲ್ಲಿ ಬಸ್ಸು ಹಿಮ್ಮುಖವಾಗಿ ಚಲಿಸಿ ತಿರುಗುತ್ತದೆ. ಅಪಾಯ ಅತಿ ಹೆಚ್ಚು ಇರುವುದು ಇಲ್ಲೇ. ಇದಕ್ಕೊಂದು ಸರಳ ನಿಯಮವಿದೆ: ಬಸ್ಸು ಹಿಂದೆ ಬರುವಾಗ ಮಕ್ಕಳೆಲ್ಲ ಬಸ್ಸಿನೊಳಗೇ ಇರಬೇಕು. ಬೆಳಿಗ್ಗೆ ಮೊದಲು ಹತ್ತಿಸಿ ಆಮೇಲೆ ತಿರುಗಿಸುವುದು, ಸಂಜೆ ಮೊದಲು ತಿರುಗಿಸಿ ಆಮೇಲೆ ಇಳಿಸುವುದು. ಹಿಂದೆ ನಿಂತು ನೋಡುವವನೊಬ್ಬ ಇಲ್ಲದೆ ಬಸ್ಸು ಹಿಂದೆ ಬರಕೂಡದು.

ಅಣ್ಣನನ್ನೋ ಅಕ್ಕನನ್ನೋ ಕಳಿಸಲು ಅಜ್ಜಿಯ ಜೊತೆ ಬರುವ ಎರಡು ಮೂರು ವರ್ಷದ ಕೂಸುಗಳ ಮೇಲೆ ವಿಶೇಷ ಗಮನವಿರಲಿ. ಅವು ಬಸ್ಸಿನ ಪಟ್ಟಿಯಲ್ಲಿಲ್ಲ, ಚಾಲಕನ ಲೆಕ್ಕದಲ್ಲೂ ಇಲ್ಲ. ಬಸ್ಸು ಹೊರಡುವ ತನಕ ಅವನ್ನು ಎತ್ತಿಕೊಂಡೇ ಇರುವುದು ಕ್ಷೇಮ.

ಮಳೆ, ಕೊಡೆ, ಕೋಟು

ವರ್ಷಕ್ಕೆ ನೂರಿಂಚಿನ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಕೊಡೆ ಹಿಡಿದ ಮಗುವಿಗೆ ಎರಡೂ ಬದಿ ಕಾಣುವುದಿಲ್ಲ. ಕೋಟಿನ ಟೊಪ್ಪಿಗೆಯೊಳಗೆ ಬಸ್ಸಿನ ಸದ್ದೂ ಸರಿಯಾಗಿ ಕೇಳುವುದಿಲ್ಲ. ಪುಟ್ಟ ಮಕ್ಕಳಿಗೆ ಕೊಡೆಗಿಂತ ಮಳೆಕೋಟು ಲೇಸು, ಅದೂ ಕಪ್ಪು, ಹಸಿರು ಬೇಡ. ಹಳದಿಯೋ ಕಿತ್ತಳೆಯೋ ಆದರೆ ಮಬ್ಬಿನಲ್ಲೂ ಎದ್ದು ಕಾಣುತ್ತದೆ. ಕೋಟಿನ ದಾರ, ಚೀಲದ ಜೋಲುಪಟ್ಟಿ ಬಸ್ಸಿನ ಬಾಗಿಲಿಗೋ ಹಿಡಿಗೋ ಸಿಕ್ಕಿ ಮಕ್ಕಳನ್ನು ಎಳೆದೊಯ್ದ ಉದಾಹರಣೆಗಳು ಹೊರದೇಶಗಳಲ್ಲಿವೆ. ಜೋಲುವುದನ್ನು ಕತ್ತರಿಸಿಬಿಡಿ, ಇಲ್ಲವೇ ಹೊಲಿದುಬಿಡಿ.

ಪೆನ್ಸಿಲ್ ಡಬ್ಬಿಯೋ ನೀರಿನ ಬಾಟಲಿಯೋ ಬಸ್ಸಿನಡಿ ಉರುಳಿದರೆ ಬಗ್ಗಿ ಹೆಕ್ಕಬಾರದು. ಮೊದಲು ಡ್ರೈವರ್ ಅಣ್ಣನಿಗೋ ಬಸ್ಸಿನ ಅಕ್ಕನಿಗೋ ಹೇಳಬೇಕು. ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಮನೆಯಂಗಳದಲ್ಲಿ ಆಟದಂತೆ ಎರಡು ಸಲ ಮಾಡಿಸಿದರೆ ಮಗುವಿಗೆ ನೆನಪುಳಿಯುತ್ತದೆ.

ಚೀಲ ಎಣಿಸುವವರು ಮಕ್ಕಳನ್ನೂ ಎಣಿಸೋಣ

ಸಂಘದ ಯಾರ್ಡಿಗೆ ಅಡಿಕೆ ಕಳಿಸುವಾಗ ಮನೆಯಲ್ಲೊಮ್ಮೆ ಚೀಲ ಎಣಿಸುತ್ತೇವೆ, ಇಳಿಸುವಲ್ಲಿ ಇನ್ನೊಮ್ಮೆ ಎಣಿಸುತ್ತಾರೆ. ಎರಡು ಲೆಕ್ಕ ತಾಳೆಯಾಗದೆ ಚೀಟಿ ಹರಿಯುವುದಿಲ್ಲ. ಮಕ್ಕಳ ವಿಷಯದಲ್ಲಿ ಈ ಎರಡನೆಯ ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕತಾರ್ ದೇಶದಲ್ಲಿ ೨೦೨೨ರ ಸೆಪ್ಟೆಂಬರಿನಲ್ಲಿ ನಡೆದದ್ದೇ ಸಾಕ್ಷಿ. ಕೇರಳ ಮೂಲದ ಕುಟುಂಬದ ನಾಲ್ಕು ವರ್ಷದ ಹೆಣ್ಣುಮಗು ಶಾಲಾ ಬಸ್ಸಿನಲ್ಲಿ ನಿದ್ದೆ ಹೋಗಿತ್ತು. ಉಳಿದ ಮಕ್ಕಳು ಇಳಿದರು, ಬಸ್ಸಿಗೆ ಬೀಗ ಬಿತ್ತು. ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೇ ಮಗು ತೀರಿಹೋಯಿತು. ಅದು ಆ ಮಗುವಿನ ಹುಟ್ಟುಹಬ್ಬದ ದಿನ.

ಅದು ಮರಳುಗಾಡು, ನಮ್ಮದು ಮಲೆನಾಡು ಎಂದು ಸುಮ್ಮನಿರುವಂತಿಲ್ಲ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದೊಳಗೆ ಇಪ್ಪತ್ತು ನಿಮಿಷದಲ್ಲಿ ಸುಮಾರು ೧೦ ಡಿಗ್ರಿ ಸೆಲ್ಸಿಯಸ್ ಶಾಖ ಏರಬಲ್ಲದು. ಮಾರ್ಚ್ ತಿಂಗಳ ಬಿಸಿಲು ನಮಗೂ ಗೊತ್ತು. ಕೊನೆಯ ಮಗು ಇಳಿದ ಮೇಲೆ ಬಸ್ಸಿನ ಅಕ್ಕನೋ ಚಾಲಕನೋ ಹಿಂದಿನ ಸೀಟಿನ ತನಕ ನಡೆದುಹೋಗಿ, ಪ್ರತಿ ಆಸನದ ಕೆಳಗೂ ನೋಡಿ ಬರಬೇಕು. ಹಾಜರಿಯಲ್ಲಿ ಇಲ್ಲದ ಮಗುವಿನ ಮನೆಗೆ ಮೊದಲ ತರಗತಿ ಮುಗಿಯುವುದರೊಳಗೆ ಶಾಲೆಯಿಂದ ಫೋನು ಬರಬೇಕು. ಮಗುವನ್ನು ಕಳಿಸದ ದಿನ ನಾವೂ ಮೊದಲೇ ತಿಳಿಸಬೇಕು. ಹಾಗೆ ತಿಳಿಸದಿದ್ದರೆ ಶಾಲೆಯ ಫೋನಿಗೆ ಬೆಲೆ ಉಳಿಯುವುದಿಲ್ಲ.

ಸಂಜೆ ಮಗುವನ್ನು ಯಾರು ಇಳಿಸಿಕೊಳ್ಳುತ್ತಾರೆ? ಮದ್ದು ಹೊಡೆಯುವ ದಿನ ಎಲ್ಲರೂ ತೋಟದಲ್ಲಿ. ಕೊಯ್ಲಿನ ದಿನ ಎಲ್ಲರೂ ಅಡಿಕೆ ಸುಲಿಯುವಲ್ಲಿ. ಇಳಿಸಿಕೊಳ್ಳುವವರ ಎರಡು ಹೆಸರು ಬರೆದು ಬಸ್ಸಿನವರಿಗೆ ಕೊಟ್ಟಿರಲಿ. ಅವರಲ್ಲಿ ಒಬ್ಬರೂ ಇಲ್ಲದಿದ್ದರೆ ಮಗುವನ್ನು ಇಳಿಸದೆ ಮುಂದೆ ಕರೆದೊಯ್ದು ಫೋನು ಮಾಡಬೇಕು. ಹಾಗೆ ಮಾಡಿದ ಚಾಲಕನ ಮೇಲೆ ಯಾರೂ ಸಿಟ್ಟಾಗಬಾರದು.

ಅಗ್ಗದ ವ್ಯಾನು, ತೂತಾದ ನೆಲ

೨೦೧೬ರ ಜೂನ್ ೨೧ರಂದು ಕುಂದಾಪುರದ ಬಳಿ ತ್ರಾಸಿಯಲ್ಲಿ, ರಾಷ್ಟ್ರೀಯ ಹೆದ್ದಾರಿಯ ಮೇಲೆ, ಮಕ್ಕಳನ್ನು ಶಾಲೆಗೆ ಒಯ್ಯುತ್ತಿದ್ದ ಓಮ್ನಿ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ವ್ಯಾನಿನಲ್ಲಿದ್ದವರ ಸಂಖ್ಯೆ ಅದರ ಆಸನಗಳಿಗಿಂತ ಬಹಳ ಹೆಚ್ಚಿತ್ತು. ನಮ್ಮಲ್ಲೂ ಬಸ್ಸು ಬಾರದ ಕಡೆಗೆ ಓಮ್ನಿ, ರಿಕ್ಷಾ, ಟೆಂಪೋಗಳೇ ಗತಿ. ನಾಲ್ಕು ಮನೆಯವರು ಸೇರಿ ಬಾಡಿಗೆಗೆ ಗೊತ್ತುಮಾಡುತ್ತಾರೆ, ಐದನೆಯವರು ಸೇರಿದರೆ ಪ್ರತಿಯೊಬ್ಬರ ಪಾಲು ಇಳಿಯುತ್ತದೆ, ಆರನೆಯವರಿಗೂ ಬೇಡವೆನ್ನಲು ದಾಕ್ಷಿಣ್ಯ. ಹೀಗೆ ವ್ಯಾನು ತುಂಬಿಸುವವರು ಚಾಲಕರಲ್ಲ, ನಾವು. ವಾಹನದ ನೋಂದಣಿ ಪುಸ್ತಕದಲ್ಲಿ ಎಷ್ಟು ಆಸನವೆಂದು ಬರೆದಿರುತ್ತದೆ. ಅದನ್ನು ಓದಿ ಕೇಳಿಯೇ ಬಾಡಿಗೆ ಮಾತಾಡಿರಿ.

೨೦೧೨ರ ಜುಲೈಯಲ್ಲಿ ಚೆನ್ನೈ ಬಳಿಯ ತಾಂಬರಂನಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಓಡುವ ಶಾಲಾ ಬಸ್ಸಿನ ನೆಲದ ತೂತಿನಿಂದ ಕೆಳಗೆ ಬಿದ್ದು ಚಕ್ರದಡಿ ಸಿಕ್ಕಿ ತೀರಿಕೊಂಡಳು. ಅದು ಅರ್ಹತಾ ಪತ್ರ ಪಡೆದಿದ್ದ ಬಸ್ಸು. ಮದ್ರಾಸ್ ಹೈಕೋರ್ಟು ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು. ಅದೇ ವರ್ಷ ತಮಿಳುನಾಡಿನಲ್ಲಿ ಶಾಲಾ ಬಸ್ಸುಗಳಿಗೆ ವಿಶೇಷ ನಿಯಮಗಳು ಬಂದವು. ನಮ್ಮ ಮಳೆಯಲ್ಲಿ ತಗಡಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ವರ್ಷಕ್ಕೆರಡು ಬಾರಿ ಬಸ್ಸಿನ ನೆಲ, ಮೆಟ್ಟಿಲು, ತುರ್ತುಬಾಗಿಲು, ಟಾಯರುಗಳನ್ನು ತಂದೆತಾಯಿಗಳಲ್ಲಿ ಇಬ್ಬರಾದರೂ ಕಣ್ಣಾರೆ ನೋಡುವ ಪರಿಪಾಠ ಬರಲಿ.

ಸದಸ್ಯರ ಕೈಯಲ್ಲಿರುವುದು

ಶಾಲೆಯ ಬಸ್ಸು ಬರುವ ಹೊತ್ತಿಗೇ ಅದೇ ಕಿರುರಸ್ತೆಯಲ್ಲಿ ನಮ್ಮ ಜೀಪು, ಪಿಕಪ್ಪು, ಗೊಬ್ಬರದ ಲಾರಿಗಳೂ ಓಡುತ್ತವೆ. ಗಂಟೆಗೆ ೪೦ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ೧೧ ಮೀಟರ್. ಮಗುವನ್ನು ಕಂಡು ಬ್ರೇಕು ಒತ್ತುವಷ್ಟರಲ್ಲೇ ಅಷ್ಟು ದೂರ ಸರಿದಿರುತ್ತದೆ. ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಒಟ್ಟು ಸುಮಾರು ೨೭ ಮೀಟರ್ ಬೇಕು. ೨೦ ಕಿಲೋಮೀಟರ್ ವೇಗವಾದರೆ ೧೦ ಮೀಟರಿನಲ್ಲೇ ನಿಲ್ಲುತ್ತದೆ. ಹಳದಿ ಬಸ್ಸು ನಿಂತದ್ದು ಕಂಡರೆ ಹಾರ್ನ್ ಹಾಕಿ ಮುಂದೆ ನುಗ್ಗದೆ, ಅದರ ಹಿಂದೆ ಒಂದು ನಿಮಿಷ ನಿಲ್ಲುವುದನ್ನು ನಮ್ಮ ಸದಸ್ಯರೇ ಮೊದಲು ರೂಢಿ ಮಾಡಿಕೊಳ್ಳಬೇಕು.

ಬಸ್ಸು ನಿಲ್ಲುವ ತಿರುವಿನ ಪಕ್ಕದ ಬೇಲಿ, ಗಿಡಗಂಟಿಗಳು ಹೆಚ್ಚಾಗಿ ಯಾರಾದರೊಬ್ಬ ಸದಸ್ಯರ ಜಾಗದ್ದೇ ಆಗಿರುತ್ತವೆ. ಎರಡೂ ಬದಿ ೩೦ ಮೀಟರ್ ಕಾಣುವಂತೆ ಮಳೆಗಾಲಕ್ಕೆ ಮುಂಚೆ ಸವರಿಸಿದರೆ ಅರ್ಧ ಆಳಿನ ಕೆಲಸ. ಬಸ್ಸು ತಿರುಗಿಸುವಲ್ಲಿ ಗೊಬ್ಬರ, ಕಟ್ಟಿಗೆ, ದರಕಿನ ರಾಶಿ ಹಾಕದಿರುವುದಕ್ಕೆ ಅಷ್ಟೂ ಖರ್ಚಿಲ್ಲ. ತಿರುವಿನ ನಟ್ಟನಡುವೆ ಇರುವ ನಿಲುಗಡೆಯನ್ನು ನೂರು ಮಾರು ಆಚೆಗೆ, ನೇರ ರಸ್ತೆಯಿರುವಲ್ಲಿಗೆ ಸರಿಸಲು ನಾಲ್ಕು ಮನೆಯವರು ಒಪ್ಪಿದರೆ ಸಾಕು.

ಬರುವ ಮೇ ತಿಂಗಳ ಒಂದು ಸಂಜೆ, ಒಂದೊಂದು ನಿಲುಗಡೆಗೂ ಮಕ್ಕಳನ್ನು ಕಳಿಸುವ ಮನೆಯವರೆಲ್ಲ ಅಲ್ಲಿಯೇ ರಸ್ತೆಬದಿಯಲ್ಲಿ ಸೇರಿರಿ. ಚಾಲಕನನ್ನೂ ಕರೆಯಿರಿ. ಮಕ್ಕಳು ನಿಲ್ಲುವ ಕಲ್ಲು ಎಲ್ಲಿ, ಯಾವ ಬದಿಯಿಂದ ಹತ್ತಬೇಕು, ಯಾವ ಬೇಲಿ ಸವರಬೇಕು, ಬೆಳಿಗ್ಗೆ ಕಾವಲಿಗೆ ಯಾವ ವಾರ ಯಾರ ಮನೆಯ ಪಾಳಿ ಎಂಬ ನಾಲ್ಕು ವಿಷಯ ತೀರ್ಮಾನಿಸಿ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ. ಒಂದು ಪ್ರತಿ ಶಾಲೆಗೆ, ಒಂದು ಚಾಲಕನಿಗೆ, ಒಂದು ಪ್ರತಿ ಮನೆಗೆ. ಮಳೆ ಹಿಡಿಯುವ ಮೊದಲು ಮುಗಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ, ಸುಣ್ಣ ಮೈಲುತುತ್ತಗಳಿಗಿಂತ ಮೇಲಿನ ಸಾಲಿನಲ್ಲಿ ಇದು ಇರಲಿ.