ನಂಬಿಕೆ ಟ್ಯೂಬ್ಯುಲರ್ ಕಾಲದ್ದು, ಬ್ಯಾಟರಿ ಲಿಥಿಯಂ

ಪಂಚನಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಮನೆಗೆ ಲಿಥಿಯಂ ಬ್ಯಾಟರಿ ಬಂದು ಎರಡು ತಿಂಗಳೂ ಆಗಿರಲಿಲ್ಲ, ‘ಕೆಟ್ಟುಹೋಯ್ತು’ ಅಂದರು. ಬಿಸಿಲೇರುತ್ತಿದ್ದಂತೆ ಯುಪಿಎಸ್ ಕೂಗಿಕೊಳ್ಳುತ್ತಿತ್ತು, ದೀಪ ಒಮ್ಮೆ ಮಿಣುಕುತ್ತಿತ್ತು, ಚಾರ್ಜ್ ನಿಂತುಬಿಡುತ್ತಿತ್ತು. ಅಂಗಡಿಗೆ ವಾಪಸ್ ಹೊರಟಿದ್ದ ಬ್ಯಾಟರಿಯನ್ನು ತಡೆದು, ಅದರ ಆ್ಯಪ್ ತೆರೆದು ನೋಡಿದೆ. 16 ಸೆಲ್‌ಗಳಲ್ಲಿ 15 ಸೆಲ್ 3.43 ವೋಲ್ಟ್‌ನ ಆಸುಪಾಸಿನಲ್ಲಿದ್ದವು. ಏಳನೆಯದು ಮಾತ್ರ 3.65 ತೋರಿಸುತ್ತಿತ್ತು. ಸೆಲ್ ಒಂದೂ ಕೆಟ್ಟಿರಲಿಲ್ಲ. ಯುಪಿಎಸ್‌ನ ಸೆಟ್ಟಿಂಗ್ ಮಾತ್ರ ಹಳೇ ಟ್ಯೂಬ್ಯುಲರ್ ಬ್ಯಾಟರಿಯದ್ದೇ ಉಳಿದಿತ್ತು.

‘ಟ್ಯೂಬ್ಯುಲರ್ ತೆಗೆದು ಆ ಜಾಗಕ್ಕೆ ಲಿಥಿಯಂ ಇಟ್ಟರೆ ಮುಗೀತು’ ಅನ್ನುವುದೇ ಎಲ್ಲಕ್ಕಿಂತ ದುಬಾರಿ ತಪ್ಪು ಕಲ್ಪನೆ. ನಾಲ್ಕು ಟ್ಯೂಬ್ಯುಲರ್ ಬ್ಯಾಟರಿಗಳ 48 ವೋಲ್ಟ್ ಸಾಲಿಗೆ 57.6 ವೋಲ್ಟ್ ಕೊಟ್ಟರೆ ಅದು ಸುಖವಾಗಿರುತ್ತದೆ. ಕೆಲವು ಯುಪಿಎಸ್‌ಗಳು ಆಗಾಗ ‘ಈಕ್ವಲೈಸ್’ ಅಂತ 60ರ ಆಚೆಗೂ ಏರಿಸುತ್ತವೆ. ಮನೆಗೆ ಬರುವ ಲಿಥಿಯಂ ಬಹುಪಾಲು ಐರನ್ ಫಾಸ್ಫೇಟ್ ಜಾತಿಯದು. ಒಂದು ಸೆಲ್‌ಗೆ 3.2 ವೋಲ್ಟ್‌ನಂತೆ ಹದಿನಾರಕ್ಕೆ 51.2. ಒಂದು ಸೆಲ್ ತಾಳುವ ಮಿತಿ 3.65. ಅಂದರೆ 57.6ರಲ್ಲಿ, ಎಲ್ಲ ಸೆಲ್‌ಗಳೂ ಸಮವಾಗಿದ್ದರೆ, ಒಂದೊಂದಕ್ಕೆ 3.6 ಬೀಳುತ್ತದೆ. ಒಂದು ಸ್ವಲ್ಪ ಮುಂದಿದ್ದರೂ ಮಿತಿ ದಾಟಿತು ಎಂದೇ ಲೆಕ್ಕ. ಈ ಸೆಲ್‌ಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ನಿಂತರೆ ಬಂಡಿಯೇ ನಿಂತಿತು. ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ಆ ಒಂದನ್ನು ಉಳಿಸಲು ಇಡೀ ಚಾರ್ಜ್ ಕತ್ತರಿಸುತ್ತದೆ. ಅದು ಅದರ ಕೆಲಸ.

ಹಾಗಾದರೆ ಏಳನೇ ಸೆಲ್ ಸರಿಹೋಗುವುದು ಹೇಗೆ? ‘ಬಿಎಂಎಸ್ ಇದೆಯಲ್ಲ, ತಾನೇ ಸಮ ಮಾಡಿಕೊಳ್ಳುತ್ತೆ’ ಅನ್ನುತ್ತಾರೆ. ಮಾಡುತ್ತದೆ ನಿಜ, ಆದರೆ ಅದಕ್ಕೆ ಸಮಯ ಕೊಡಬೇಕು. ಹೆಚ್ಚಿನ ಬಿಎಂಎಸ್‌ಗಳು ಮುಂದಿರುವ ಸೆಲ್‌ನಿಂದ ಒಂದು ಸಣ್ಣ ರೆಸಿಸ್ಟರ್ ಮೂಲಕ ಸುಮಾರು 100 ಮಿಲಿಆ್ಯಂಪ್ ಸೋರಿಸುತ್ತವೆ, ಅದೂ ಸೆಲ್ 3.40 ವೋಲ್ಟ್ ದಾಟಿದ ಮೇಲೆ. ಲೆಕ್ಕ ಹಾಕಿ ನೋಡಿ. 100 ಆ್ಯಂಪ್ ಅವರ್ ಬ್ಯಾಟರಿಯಲ್ಲಿ ಒಂದು ಸೆಲ್ ಶೇ. 2ರಷ್ಟು ಮುಂದಿದ್ದರೆ ಸೋರಿಸಬೇಕಾದ್ದು 2 ಆ್ಯಂಪ್ ಅವರ್. ತುಂಬಿದ ಸ್ಥಿತಿಯಲ್ಲಿ ದಿನಕ್ಕೆ ಎರಡು ಗಂಟೆ ನಿಂತರೆ ಹತ್ತು ದಿನ ಸಾಕು. ಹತ್ತೇ ನಿಮಿಷಕ್ಕೆ ಚಾರ್ಜ್ ಕಟ್ ಆಗುತ್ತಿದ್ದರೆ ನಾಲ್ಕು ತಿಂಗಳು ಬೇಕು. ಚಿಕ್ಕಪ್ಪನ ಮನೆಯಲ್ಲಿ ಮಾಡಿದ್ದೂ ಇಷ್ಟೇ: ಮೊದಲು ಚಾರ್ಜ್ ವೋಲ್ಟೇಜನ್ನು 54.4ಕ್ಕೆ ಇಳಿಸಿ, ಈಕ್ವಲೈಸ್ ಬಂದ್ ಮಾಡಿ, ಅಲ್ಲೇ ಎರಡು ಗಂಟೆ ನಿಲ್ಲಿಸುವಂತೆ ಹೊಂದಿಸಿದೆವು. ಅಂತರ ಕಡಿಮೆಯಾದಂತೆ 55.2ಕ್ಕೆ ಏರಿಸಿದೆವು. ಫ್ಲೋಟ್, ಅಂದರೆ ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್, 53.6. ಎರಡು ವಾರದಲ್ಲಿ ಹದಿನಾರೂ ಸೆಲ್ 3.45ರ ಅಕ್ಕಪಕ್ಕ ಬಂದು ನಿಂತವು. ಕೂಗು ನಿಂತಿತು.

‘ಆ್ಯಕ್ಟಿವ್ ಬ್ಯಾಲೆನ್ಸರ್ ಹಾಕಿಸಿ, ಸದಾ ಆನ್ ಇರಲಿ’ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಮುಂದಿರುವ ಸೆಲ್‌ನಿಂದ ಹಿಂದಿರುವುದಕ್ಕೆ ಒಂದೆರಡು ಆ್ಯಂಪ್ ಸಾಗಿಸಬಲ್ಲದು, ಉಪಯೋಗಕ್ಕೂ ಬರುತ್ತದೆ. ಆದರೆ ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜ್ ನಡುವಿನಲ್ಲಿ ಬಯಲಿನಂತೆ ಸಮತಟ್ಟು. ಅಲ್ಲಿ ಮೋಟಾರೋ ಮಿಕ್ಸಿಯೋ ಓಡಿದಾಗ ಕಾಣುವ ವ್ಯತ್ಯಾಸ ಸೆಲ್‌ನ ಒಳ ರೋಧದ್ದು, ಚಾರ್ಜಿನದ್ದಲ್ಲ. ಬ್ಯಾಲೆನ್ಸರ್ ಅದನ್ನೇ ನಂಬಿ ತುಂಬಿದ ಸೆಲ್‌ಗೆ ಇನ್ನಷ್ಟು ತುಂಬಿಸುತ್ತದೆ. 3.40ರ ಮೇಲೆ ಮಾತ್ರ ಕೆಲಸ ಮಾಡುವಂತೆ ಹೊಂದಿಸಬಹುದಾದರೆ ಹಾಕಿಸಿ.

ವೋಲ್ಟೇಜ್ ನೋಡಿ ‘ಬ್ಯಾಟರಿ ಅರ್ಧ ಇದೆ’ ಅಂತ ಹೇಳಲಾಗದಿರುವುದೂ ಈ ಸಮತಟ್ಟಿನ ಕಾರಣಕ್ಕೇ. ಮೀಟರ್‌ನಲ್ಲಿ 52.8 ಕಂಡರೆ ಅದು ಶೇ. 40 ಇರಬಹುದು, 70ರ ಹತ್ತಿರವೂ ಇರಬಹುದು. ಬಿಎಂಎಸ್ ಒಳಬಂದದ್ದನ್ನು, ಹೊರಹೋದದ್ದನ್ನು ಕೂಡಿ ಕಳೆದು ಲೆಕ್ಕ ಇಡುತ್ತದೆ. ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಪೂರ್ತಿ ತುಂಬಿದಾಗಲೇ ಅದು ಲೆಕ್ಕವನ್ನು ನೂರಕ್ಕೆ ತಂದು ಸರಿಮಾಡಿಕೊಳ್ಳುವುದು.

‘ಲಿಥಿಯಂ 80 ದಾಟಬಾರದು’ ಎಂಬ ಮಾತು ಅರ್ಧ ನಿಜ. ಮೊಬೈಲ್ ಫೋನಿನ ಬ್ಯಾಟರಿ ಬೇರೆ ರಸಾಯನದ್ದು, ಆ ಬುದ್ಧಿವಾದ ಬಂದದ್ದು ಅಲ್ಲಿಂದ. ಮನೆಯದು 1997ರಲ್ಲಿ ಅಕ್ಷಯ ಪಾಧಿ, ಜಾನ್ ಗುಡಿನಫ್ ಮತ್ತು ಸಂಗಡಿಗರು ಪ್ರಕಟಿಸಿದ ಐರನ್ ಫಾಸ್ಫೇಟ್. ಇದೂ ನೂರರಲ್ಲೇ ದಿನಗಟ್ಟಲೆ ಕೂತರೆ ಬೇಗ ಮುಪ್ಪಾಗುತ್ತದೆ, ಅದಕ್ಕೇ ಫ್ಲೋಟ್ ಇಳಿಸುವುದು. ಹಾಗಂತ ಎಂದೂ ತುಂಬಿಸದೇ ಇದ್ದರೆ ಸೆಲ್‌ಗಳು ಸಮವಾಗುವುದಿಲ್ಲ, ಲೆಕ್ಕವೂ ಸರಿಯಾಗುವುದಿಲ್ಲ.

ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಬೇಕು ಎಂಬುದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ನೆನಪು. ಲಿಥಿಯಂಗೆ ಅದರಿಂದ ನಷ್ಟವೇ. ಡಿಸ್ಟಿಲ್ ವಾಟರ್ ಸುರಿಯಲು ಇದರಲ್ಲಿ ಜಾಗವೂ ಇಲ್ಲ.

‘ಲಿಥಿಯಂ ಎಲ್ಲಿಟ್ಟರೂ ನಡೆಯುತ್ತೆ’ ಅಂತ ಶೀಟಿನ ಕೆಳಗಿನ ಅಟ್ಟಕ್ಕೆ ಏರಿಸುವವರಿದ್ದಾರೆ. ತೆಂಗಿನಕಾಯಿ ತಿಂಗಳುಗಟ್ಟಲೆ ಕೂತು ಉಂಡೆಕೊಬ್ಬರಿಯಾಗುವ ಜಾಗ ಅದು. ಆ ಕಾವು ಕೊಬ್ಬರಿಗೆ ಒಳ್ಳೆಯದು, ಬ್ಯಾಟರಿಯ ಆಯುಸ್ಸಿಗೆ ಅಲ್ಲ. ಗಾಳಿಯಾಡುವ ನೆಲದ ಕೋಣೆ, ಗೋಡೆಯಿಂದ ಒಂದು ಗೇಣು ದೂರ, ಹತ್ತಿರದಲ್ಲಿ ಕೊಬ್ಬರಿ ಚೀಲ, ಮಟ್ಟೆ, ಸೀಮೆಎಣ್ಣೆ ಇಲ್ಲದಂತೆ ಇಡಿ. ಐರನ್ ಫಾಸ್ಫೇಟ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಆದರೆ ಕೆಟ್ಟ ಸೆಲ್ ಉಗುಳುವ ಅನಿಲಕ್ಕೆ ಬೆಂಕಿ ತಗಲುತ್ತದೆ.

ಇನ್ನು ಆಷಾಢ. ಬಾಬಾಬುಡನ್‌ಗಿರಿ ಕಡೆ ಮಳೆ ಸುರಿಯುವಾಗ ನಮ್ಮ ಬಯಲುಸೀಮೆಗೆ ಬರುವುದು ಮೋಡ, ಗಾಳಿ, ಒಂದಿಷ್ಟು ತುಂತುರು. ವಾರಗಟ್ಟಲೆ ಸೋಲಾರ್ ಪ್ಯಾನಲ್‌ನಿಂದ ಬ್ಯಾಟರಿ ತುಂಬುವುದೇ ಇಲ್ಲ. ಆಗ ಹದಿನೈದು ದಿನಕ್ಕೊಮ್ಮೆ ಮೆಸ್ಕಾಂ ಕರೆಂಟಿನಿಂದ 55.2ರವರೆಗೆ ಚಾರ್ಜ್ ಮಾಡಿ, ಎರಡು ಗಂಟೆ ಅಲ್ಲೇ ಬಿಟ್ಟು, ಆ್ಯಪ್‌ನಲ್ಲಿ ಹದಿನಾರು ಅಂಕಿಗಳನ್ನೂ ಒಮ್ಮೆ ಓದಿ.